ದೀಪ ಉರಿಯುತ್ತದೆ, ಸೆಲ್ಫ್ ಮಾತ್ರ ತೆಗೆದುಕೊಳ್ಳುವುದಿಲ್ಲ!

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಬೈಕ್ ಮೆಕ್ಯಾನಿಕ್‌ಗಳಿಗೆ ಬಿಡುವಿಲ್ಲ. ಹೆಬ್ಬೆ, ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ ಸುತ್ತಿನ ತೋಟ-ಹಳ್ಳಿಗಳಲ್ಲಿ ಬೈಕು ಶೋಕಿಯ ವಸ್ತುವಲ್ಲ. ಡೇರಿಗೆ ಹಾಲು ಹೋಗಬೇಕಾದರೂ ಅದೇ, ರಾತ್ರಿ ಹೊತ್ತು ಮಗುವಿಗೆ ಜ್ವರ ಬಂದರೂ ಅದೇ, ಮಗಳನ್ನು ಪರೀಕ್ಷೆಯ ದಿನ ಲಿಂಗದಹಳ್ಳಿಗೋ ತರೀಕೆರೆಗೋ ಮುಟ್ಟಿಸಬೇಕಾದರೂ ಅದೇ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಅದು ಎದ್ದೇಳದಿದ್ದರೆ ಮನೆಮಂದಿಯ ಇಡೀ ದಿನ ಕೆಟ್ಟಂತೆ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ‘ಬ್ಯಾಟರಿ ಹೋಗಿದೆ, ಹೊಸದು ಹಾಕಿಸಬೇಕು.’ ಸಾವಿರಕ್ಕೂ ಮಿಕ್ಕಿದ ಹಣ ಕೊಟ್ಟು ಹೊಸ ಬ್ಯಾಟರಿ ಹಾಕಿಸುತ್ತಾರೆ. ಬೈಕು ಹೊರಡುತ್ತದೆ. ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ರಗಳೆ. ಏಕೆಂದರೆ ಎಷ್ಟೋ ಸಲ ಕೆಟ್ಟದ್ದು ಬ್ಯಾಟರಿಯಲ್ಲ. ಅದನ್ನು ತುಂಬಿಸುವ ಭಾಗವೋ, ಅದರಿಂದ ಹೊರಡುವ ತಂತಿಯ ತುದಿಯೋ ಕೆಟ್ಟಿರುತ್ತದೆ.

ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಇದಕ್ಕಿಂತ ಚುರುಕಾದದ್ದು. ‘ಸಾರ್, ಕೀ ತಿರುಗಿಸಿದರೆ ದೀಪ ಉರಿಯುತ್ತೆ, ಹಾರ್ನೂ ಆಗುತ್ತೆ. ಆದ್ರೆ ಸೆಲ್ಫ್ ಮಾತ್ರ ತಗೊಳ್ಳಲ್ಲ. ಬ್ಯಾಟರಿಯಲ್ಲಿ ಕರೆಂಟ್ ಇಲ್ಲ ಅಂದ್ರೆ ದೀಪ ಹೇಗೆ ಉರಿಯುತ್ತೆ?’ ಈ ಪ್ರಶ್ನೆಗೆ ಉತ್ತರ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ. ಅದನ್ನು ಬೈಕಿನ ಸೀಟಿನಡಿಗೆ ಒಯ್ಯುವುದಷ್ಟೇ ಈ ವಾರದ ಕೆಲಸ.

ಎತ್ತರ ಬೇರೆ, ನೀರು ಬೇರೆ

ಮೊದಲು ಎರಡು ಪದಗಳನ್ನು ಬೇರ್ಪಡಿಸಿಕೊಳ್ಳೋಣ: ವಿಭವಾಂತರ ಮತ್ತು ವಿದ್ಯುತ್ ಪ್ರವಾಹ. ಒಂದನ್ನು ವೋಲ್ಟ್‌ನಲ್ಲಿಯೂ ಇನ್ನೊಂದನ್ನು ಆಂಪೇರ್‌ನಲ್ಲಿಯೂ ಅಳೆಯುತ್ತೇವೆ ಎಂಬುದು ನಿಮಗೆ ಗೊತ್ತು. ಹೆಬ್ಬೆ ಜಲಪಾತವನ್ನು ನೆನೆಯಿರಿ. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತವಾಗಿ ನೀರು ಧುಮುಕುತ್ತದೆ. ಮಾರ್ಚ್ ತಿಂಗಳಲ್ಲೂ ಬಂಡೆಯ ಎತ್ತರ ಅಷ್ಟೇ, ಜುಲೈನಲ್ಲೂ ಅಷ್ಟೇ. ಆದರೆ ಬೇಸಿಗೆಯಲ್ಲಿ ತೆಳ್ಳನೆಯ ಎಳೆಯಾಗಿ ಇಳಿಯುವ ನೀರು ಮಳೆಗಾಲದಲ್ಲಿ ಭೋರ್ಗರೆಯುತ್ತದೆ. ಎತ್ತರವನ್ನು ವೋಲ್ಟ್ ಎಂದುಕೊಳ್ಳಿ, ಸೆಕೆಂಡಿಗೆ ಬೀಳುವ ನೀರನ್ನು ಆಂಪೇರ್ ಎಂದುಕೊಳ್ಳಿ. ಎತ್ತರ ಇದ್ದ ಮಾತ್ರಕ್ಕೆ ನೀರು ಇರಲೇಬೇಕೆಂದಿಲ್ಲ.

ಈಗ ಬೈಕಿಗೆ ಬನ್ನಿ. ಹಿಂದಿನ ಕೆಂಪು ದೀಪ 5 ವ್ಯಾಟ್‌ನದು ಎಂದುಕೊಳ್ಳೋಣ. 5ನ್ನು 12 ವೋಲ್ಟ್‌ನಿಂದ ಭಾಗಿಸಿದರೆ ಅದು ಎಳೆಯುವ ಪ್ರವಾಹ ಸುಮಾರು 0.4 ಆಂಪೇರ್. ಸ್ಟಾರ್ಟರ್ ಮೋಟಾರಿನ ಸಾಮರ್ಥ್ಯ 400 ವ್ಯಾಟ್ ಎಂದುಕೊಂಡರೆ ಅದಕ್ಕೆ ಬೇಕಾದದ್ದು 33 ಆಂಪೇರ್. ಅದೂ ತಿರುಗತೊಡಗಿದ ಮೇಲೆ. ನಿಂತ ಮೋಟಾರು ಹೊರಡುವ ಮೊದಲ ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಲೆಕ್ಕಕ್ಕೆ ಅನುಕೂಲವಾಗಲೆಂದು 40 ಆಂಪೇರ್ ಎಂದಿಟ್ಟುಕೊಳ್ಳಿ. ಅಂದರೆ ದೀಪಕ್ಕೆ ಬೇಕಾದದ್ದರ ನೂರು ಪಟ್ಟು!

ಬ್ಯಾಟರಿಯ ತುದಿಗೆ ತಂತಿ ಸೇರುವ ಜಾಗದಲ್ಲಿ, ಅಂದರೆ ಟರ್ಮಿನಲ್‌ನಲ್ಲಿ, ಬಿಳಿ-ಹಸಿರು ಪುಡಿ ಕಟ್ಟಿದೆ. ಬೋಲ್ಟು ಕೊಂಚ ಸಡಿಲವಾಗಿದೆ. ಇದರಿಂದ ಆ ಜಾಗದಲ್ಲಿ 0.1 ಓಮ್‌ನಷ್ಟು ರೋಧ ಸೇರಿಕೊಂಡಿತು ಎನ್ನೋಣ. ಓಮ್ ನಿಯಮದ ಪ್ರಕಾರ ವಿಭವಾಂತರವೆಂದರೆ ಪ್ರವಾಹ ಮತ್ತು ರೋಧಗಳ ಗುಣಲಬ್ಧ. ದೀಪ ಉರಿಯುವಾಗ ಅಲ್ಲಿ ನಷ್ಟವಾಗುವುದು 0.4 × 0.1 = 0.04 ವೋಲ್ಟ್. ಇದು ಕಣ್ಣಿಗೂ ಕಾಣದು, ದೀಪಕ್ಕೂ ತಿಳಿಯದು. ಸ್ಟಾರ್ಟರ್ 40 ಆಂಪೇರ್ ಎಳೆಯಹೊರಟರೆ ನಷ್ಟವಾಗುವುದು 40 × 0.1 = 4 ವೋಲ್ಟ್. ಹನ್ನೆರಡರಲ್ಲಿ ನಾಲ್ಕು ಹೋದರೆ ಮೋಟಾರಿಗೆ ಉಳಿಯುವುದು ಎಂಟೇ. (ವಾಸ್ತವವಾಗಿ ರೋಧ ಹೆಚ್ಚಿದೊಡನೆ ಪ್ರವಾಹವೂ ಇಳಿಯುವುದರಿಂದ ಲೆಕ್ಕ ಸ್ವಲ್ಪ ಬದಲಾಗುತ್ತದೆ, ತಾತ್ಪರ್ಯ ಬದಲಾಗುವುದಿಲ್ಲ.) ಮೋಟಾರು ಮುಲುಗಿ ಸುಮ್ಮನಾಗುತ್ತದೆ.

ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ಇದು ಹೊಸ ವಿಷಯವಲ್ಲ. ಪೈಪಿನಲ್ಲಿ ಕಸ ಸೇರಿದ್ದರೂ ಕೈ ತೊಳೆಯುವ ನಲ್ಲಿಗೆ ನೀರು ಬರುತ್ತದೆ. ಆದರೆ ಜೆಟ್ ಮಾತ್ರ ಏಳುವುದಿಲ್ಲ. ‘ನಲ್ಲಿಯಲ್ಲಿ ನೀರು ಬರುತ್ತಿದೆಯಲ್ಲ’ ಎಂದು ಪೈಪು ಚೆನ್ನಾಗಿದೆ ಎನ್ನುವವನೂ, ‘ದೀಪ ಉರಿಯುತ್ತಿದೆಯಲ್ಲ’ ಎಂದು ಬ್ಯಾಟರಿ, ತಂತಿ ಎರಡೂ ಸರಿಯಿವೆ ಎನ್ನುವವನೂ ಒಂದೇ ದೋಣಿಯಲ್ಲಿದ್ದಾರೆ.

ಬ್ಯಾಟರಿಯೊಳಗೆ ಏನಿದೆ?

ಸೀಸ ಮತ್ತು ಆಮ್ಲದ ಈ ಕೋಶವನ್ನು ಫ್ರಾನ್ಸಿನ ಗಾಸ್ಟಾನ್ ಪ್ಲಾಂಟೆ ರೂಪಿಸಿದ್ದು 1859ರಲ್ಲಿ. ಖಾಲಿಯಾದ ಮೇಲೆ ಮತ್ತೆ ತುಂಬಿಸಬಹುದಾದ ಮೊದಲ ಕೋಶ ಅದು. ಒಂದು ಫಲಕ ಸೀಸದ್ದು, ಇನ್ನೊಂದು ಸೀಸದ ಡೈಆಕ್ಸೈಡಿನದು. ನಡುವೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲ. ಒಂದು ಕೋಶದಿಂದ ಸುಮಾರು 2.1 ವೋಲ್ಟ್ ದೊರೆಯುತ್ತದೆ. ಆರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 12.6 ವೋಲ್ಟ್. ನಾವು ‘ಹನ್ನೆರಡು ವೋಲ್ಟಿನ ಬ್ಯಾಟರಿ’ ಎನ್ನುವುದು ಇದನ್ನೇ.

ವಿದ್ಯುತ್ತನ್ನು ಬಳಸುತ್ತ ಹೋದಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಮ್ಲ ಕಡಿಮೆಯಾಗಿ ನೀರು ಹೆಚ್ಚಾಗುತ್ತದೆ. ಹೊರಗಿನಿಂದ ವಿದ್ಯುತ್ ತುಂಬಿಸಿದಾಗ ಇದೇ ಕ್ರಿಯೆ ಹಿಮ್ಮುಖವಾಗಿ ನಡೆಯುತ್ತದೆ. ಆಮ್ಲದ ಸಾಪೇಕ್ಷ ಸಾಂದ್ರತೆಯನ್ನು ನೋಡಿ ಬ್ಯಾಟರಿ ಎಷ್ಟು ತುಂಬಿದೆ ಎಂದು ಹೇಳಬಹುದಾದದ್ದು ಇದರಿಂದಲೇ. ಪೂರ್ತಿ ತುಂಬಿದ ಬ್ಯಾಟರಿಯಲ್ಲಿ ಅದು 1.26ರಿಂದ 1.28ರಷ್ಟಿರುತ್ತದೆ, ಖಾಲಿಯಾಗುತ್ತ ಬಂದಂತೆ ನೀರಿನ ಕಡೆಗೆ, ಅಂದರೆ 1ರ ಕಡೆಗೆ, ಜಾರುತ್ತದೆ.

ಖಾಲಿಯಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ನಯವಾದ ಸಲ್ಫೇಟ್ ಗಟ್ಟಿ ಹರಳುಗಳಾಗಿ ಬೆಳೆಯುತ್ತದೆ. ಆಮೇಲೆ ಎಷ್ಟು ತುಂಬಿಸಿದರೂ ಅದು ಪೂರ್ತಿ ಕರಗುವುದಿಲ್ಲ. ಫಲಕದ ಅಷ್ಟು ಭಾಗ ಸತ್ತಂತೆಯೇ. ಮಗ ಹಾಸ್ಟೆಲ್ಲಿಗೆ ಹೋದನೆಂದು ಬೈಕನ್ನು ಕೊಟ್ಟಿಗೆಯಲ್ಲಿ ಎರಡು ತಿಂಗಳು ನಿಲ್ಲಿಸಿ, ರಜೆಗೆ ಬಂದಾಗ ತೆಗೆದರೆ ಬ್ಯಾಟರಿ ಕೈಕೊಡುವುದು ಈ ಕಾರಣದಿಂದ. ಬಳಸದೆ ಇಟ್ಟರೆ ಬಾಳಿಕೆ ಬರುತ್ತದೆ ಎಂಬ ಲೆಕ್ಕ ಬ್ಯಾಟರಿಗೆ ಅನ್ವಯಿಸುವುದಿಲ್ಲ.

ಕಿವಿಗೊಟ್ಟು ಕೇಳಿ

ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರಲ್ಲ, ಹಾಗೆ ಸೆಲ್ಫ್ ಗುಂಡಿ ಒತ್ತಿದಾಗ ಬೈಕು ಮಾಡುವ ಸದ್ದನ್ನು ಗಮನವಿಟ್ಟು ಕೇಳಬೇಕು. ಅರ್ಧ ರೋಗ ಅಲ್ಲಿಯೇ ಪತ್ತೆಯಾಗುತ್ತದೆ. ಗುಂಡಿಗೂ ಮೋಟಾರಿಗೂ ನಡುವೆ ರಿಲೇ ಎಂಬ ಚಿಕ್ಕ ಡಬ್ಬಿ ಇದೆಯೆಂಬುದು ನೆನಪಿರಲಿ. ಹ್ಯಾಂಡಲಿನ ತೆಳು ತಂತಿಯಲ್ಲಿ 40 ಆಂಪೇರ್ ಹರಿಸಿದರೆ ತಂತಿಯೇ ಸುಟ್ಟುಹೋದೀತು. ಅದಕ್ಕಾಗಿ ಗುಂಡಿ ಒತ್ತಿದಾಗ ಸಣ್ಣ ಪ್ರವಾಹ ರಿಲೇಯೊಳಗಿನ ವಿದ್ಯುತ್ಕಾಂತವನ್ನು ಎಬ್ಬಿಸುತ್ತದೆ. ಆ ಕಾಂತ ದೊಡ್ಡ ಸ್ವಿಚ್ಚನ್ನು ಎಳೆದು ಮುಚ್ಚುತ್ತದೆ. ನಮಗೆ ಕೇಳುವ ‘ಟಕ್’ ಅದರದ್ದೇ.

ಸದ್ದೇ ಇಲ್ಲವೆ? ಹಾಗಾದರೆ ರಿಲೇಗೆ ಕರೆಯೇ ಮುಟ್ಟಿಲ್ಲ. ಕೆಂಪು ಬಣ್ಣದ ಕಿಲ್ ಸ್ವಿಚ್ ಯಾರೋ ಆಡುತ್ತ ಆರಿಸಿದ್ದಾರೆಯೆ ನೋಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನೇ ಮೊದಲು ನೋಡುವುದು ಒಳ್ಳೆಯದು. ಗೇರು ನ್ಯೂಟ್ರಲ್‌ನಲ್ಲಿದೆಯೆ, ಸೈಡ್ ಸ್ಟ್ಯಾಂಡ್ ಮೇಲೆತ್ತಿದೆಯೆ, ಕ್ಲಚ್ ಒತ್ತಿದೆಯೆ? ಹಲವು ಬೈಕುಗಳಲ್ಲಿ ಇವು ಸರಿಯಿಲ್ಲದಿದ್ದರೆ ಸೆಲ್ಫ್ ಕೆಲಸ ಮಾಡದಂತೆ ಕಟ್ಟುಮಾಡಿರುತ್ತಾರೆ. ಎಲ್ಲವೂ ಸರಿಯಿದ್ದರೆ ಫ್ಯೂಸ್ ನೋಡಿ. ಮಳೆಯಲ್ಲಿ ನೆನೆದ ಬೈಕಾದರೆ ಸ್ವಿಚ್ಚಿನೊಳಗೆ ತೇವ ಸೇರಿರಬಹುದು. ಮಳೆಗಾಲದಲ್ಲಿ ಬೆಚ್ಚನೆಯ ಜಾಗ ಹುಡುಕುವ ಇಲಿಗಳು ಸೀಟಿನಡಿಯ ತಂತಿ ಕಡಿಯುವುದೂ ಉಂಟು.

‘ಟಕ್’ ಎಂದು ಒಮ್ಮೆ ಸದ್ದಾಗಿ ಸುಮ್ಮನಾಯಿತೆ? ರಿಲೇ ಎಳೆದಿದೆ, ಮೋಟಾರು ತಿರುಗಿಲ್ಲ. ಟರ್ಮಿನಲ್‌ನ ಕೊಳೆ, ಬೈಕಿನ ಮೈಗೆ ಸೇರುವ ಅರ್ತಿಂಗ್ ತಂತಿಯ ಸಡಿಲ, ರಿಲೇಯ ಒಳಗೆ ಸುಟ್ಟ ತುದಿ, ಮೋಟಾರಿನ ಸವೆದ ಕಾರ್ಬನ್ ಬ್ರಷ್ - ಈ ನಾಲ್ಕರಲ್ಲಿ ಒಂದಿರಬಹುದು.

‘ಟಕಟಕಟಕ’ ಎಂದು ಒಂದೇ ಸಮನೆ ಬಡಿದುಕೊಳ್ಳುತ್ತಿದೆಯೆ? ಇದು ಬ್ಯಾಟರಿ ಇಳಿದಿರುವ ಲಕ್ಷಣ. ಇಲ್ಲಿ ನಡೆಯುವುದು ಶಾಲೆಯ ಪ್ರಯೋಗಾಲಯದಲ್ಲಿ ನೀವು ನೋಡಿರುವ ವಿದ್ಯುತ್ ಗಂಟೆಯ ಆಟವೇ. ವಿದ್ಯುತ್ಕಾಂತ ಎಳೆಯಿತು, ಮೋಟಾರಿಗೆ ಸಂಪರ್ಕ ಸಿಕ್ಕಿತು. ಮೋಟಾರು ಎಳೆದ ಹೊಡೆತಕ್ಕೆ ಸೊರಗಿದ ಬ್ಯಾಟರಿಯ ವೋಲ್ಟೇಜ್ ಕುಸಿಯಿತು. ವೋಲ್ಟೇಜ್ ಕುಸಿದಾಗ ಕಾಂತದ ಬಲ ಸಾಲದೆ ಸ್ವಿಚ್ ಬಿಟ್ಟುಕೊಂಡಿತು. ಮೋಟಾರಿನ ಹೊರೆ ತಪ್ಪಿದ ಕೂಡಲೆ ವೋಲ್ಟೇಜ್ ಮತ್ತೆ ಏರಿತು, ಕಾಂತ ಮತ್ತೆ ಎಳೆಯಿತು. ಸೆಕೆಂಡಿಗೆ ಹಲವು ಸಲ ಇದೇ ಸುತ್ತು. ಟರ್ಮಿನಲ್ ಬಹಳ ಕೊಳೆಯಾಗಿದ್ದರೂ ಇದೇ ಸದ್ದು ಬರಬಹುದಾದ್ದರಿಂದ ಬ್ಯಾಟರಿಯನ್ನು ದೂರುವ ಮುನ್ನ ಟರ್ಮಿನಲ್ಲನ್ನು ನೋಡಿ.

‘ಗುಂಯ್’ ಎಂದು ಮೋಟಾರು ಬರಿದೆ ತಿರುಗಿ, ಎಂಜಿನ್ ಅಲುಗಾಡದಿದ್ದರೆ ಬ್ಯಾಟರಿಯದು ತಪ್ಪಿಲ್ಲ. ಮೋಟಾರಿನ ತಿರುಗುವಿಕೆಯನ್ನು ಎಂಜಿನ್‌ಗೆ ದಾಟಿಸುವ ಏಕಮುಖ ಕ್ಲಚ್ ಜಾರುತ್ತಿದೆ. ಇದು ಮೆಕ್ಯಾನಿಕ್‌ನ ಕೆಲಸ. ಇನ್ನು ಎಂಜಿನ್ ಚೆನ್ನಾಗಿಯೇ ತಿರುಗುತ್ತಿದ್ದು ಹೊತ್ತಿಕೊಳ್ಳದಿದ್ದರೆ ಸ್ಟಾರ್ಟರ್ ತನ್ನ ಕೆಲಸ ಮುಗಿಸಿದೆ ಎಂದರ್ಥ. ಪೆಟ್ರೋಲು, ಪ್ಲಗ್ಗು, ಗಾಳಿಯ ಕಡೆ ನೋಡಬೇಕು. ಅದರ ಬದಲು ಗುಂಡಿಯನ್ನೇ ಒತ್ತಿ ಹಿಡಿದು ನಿಂತರೆ ಚೆನ್ನಾಗಿದ್ದ ಬ್ಯಾಟರಿಯೂ ಬಸವಳಿಯುತ್ತದೆ. ಒಮ್ಮೆಗೆ 5 ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ಮತ್ತೆ ಒತ್ತುವ ಮುನ್ನ ಕಾಲು ನಿಮಿಷವಾದರೂ ಬಿಡುವು ಕೊಡಿ.

ಮಲ್ಟಿಮೀಟರ್ ಎಂಬ ಸಾಕ್ಷಿ

ಕೆಲವು ನೂರು ರೂಪಾಯಿಗೆ ದೊರೆಯುವ ಡಿಜಿಟಲ್ ಮಲ್ಟಿಮೀಟರ್ ಮನೆಯಲ್ಲಿದ್ದರೆ ಊಹೆಯ ಮಾತೇ ಬೇಡ. ಅದನ್ನು ನೇರ ವಿದ್ಯುತ್ತಿನ 20 ವೋಲ್ಟ್ ಅಳತೆಗೆ ತಿರುಗಿಸಿ ನಾಲ್ಕು ಪರೀಕ್ಷೆ ಮಾಡಿ.

ಒಂದನೆಯದು, ರಾತ್ರಿಯಿಡೀ ನಿಂತ ಬೈಕಿನ ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯುವುದು. 12.6 ಅಥವಾ ಅದಕ್ಕೂ ಮೇಲಿದ್ದರೆ ಪೂರ್ತಿ ತುಂಬಿದೆ. 12.2ರ ಹತ್ತಿರ ಇದ್ದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗಿಳಿದಿದ್ದರೆ ಬಹುತೇಕ ಖಾಲಿ. ‘ಹನ್ನೆರಡು ವೋಲ್ಟ್ ಬ್ಯಾಟರಿ, ಹನ್ನೆರಡು ತೋರಿಸುತ್ತಿದೆ, ಸರಿಯಾಗಿದೆ’ ಎನ್ನುವುದು ಬಹಳ ಜನರ ತಪ್ಪು ತಿಳಿವಳಿಕೆ.

ಎರಡನೆಯದು, ಮೀಟರಿನ ಕಡ್ಡಿಗಳನ್ನು ಅಲ್ಲೇ ಹಿಡಿದಿರುವಾಗ ಇನ್ನೊಬ್ಬರು ಸೆಲ್ಫ್ ಒತ್ತುವುದು. ವೋಲ್ಟೇಜ್ ಇಳಿಯುವುದು ಸಹಜ. ಆದರೆ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಖಾಲಿಯಾಗಿದೆ ಅಥವಾ ಮುಪ್ಪಾಗಿದೆ. ಪೂರ್ತಿ ತುಂಬಿಸಿದ ಮೇಲೂ ಹೀಗೆಯೇ ಕುಸಿದರೆ ಆಗ ಮಾತ್ರ ಹೊಸದರ ಯೋಚನೆ ಮಾಡಿ.

ಮೂರನೆಯದು ವಿದ್ಯಾರ್ಥಿಗಳಿಗೆ ಹೆಚ್ಚು ಪ್ರಿಯವಾಗಬೇಕಾದದ್ದು. ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ತುದಿಯ ಮೇಲೆಯೂ ಇನ್ನೊಂದನ್ನು ಅದೇ ತುದಿಗೆ ಬಿಗಿದ ತಂತಿಯ ಲೋಹದ ಮೇಲೆಯೂ ಇಟ್ಟು ಸೆಲ್ಫ್ ಒತ್ತಿಸಿ. ಎರಡೂ ಒಂದಕ್ಕೊಂದು ತಾಗಿಕೊಂಡೇ ಇವೆ. ನಡುವೆ ವಿಭವಾಂತರ ಇರಬಾರದು. ಮೀಟರು 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಕಳ್ಳ ಅಲ್ಲಿಯೇ ಅಡಗಿದ್ದಾನೆ. ಓಮ್ ನಿಯಮ ಪರೀಕ್ಷೆಯಲ್ಲಿ ನಾಲ್ಕು ಅಂಕ ತರುವುದಷ್ಟೇ ಅಲ್ಲ, ಅಪ್ಪನ ಜೇಬಿನ ಸಾವಿರಾರು ರೂಪಾಯಿಯನ್ನೂ ಉಳಿಸುತ್ತದೆ.

ನಾಲ್ಕನೆಯದು, ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ ಅಳೆಯುವುದು. ಸ್ವಲ್ಪ ರೇಸ್ ಕೊಟ್ಟಾಗ 13.5ರಿಂದ 14.5 ವೋಲ್ಟ್ ಬರಬೇಕು. ಎಷ್ಟು ರೇಸ್ ಕೊಟ್ಟರೂ 12.5ರಲ್ಲೇ ನಿಂತರೆ ಬ್ಯಾಟರಿಗೆ ವಿದ್ಯುತ್ ಬರುತ್ತಲೇ ಇಲ್ಲ. ಎಂಜಿನ್ನಿನ ಸುರುಳಿಯೋ, ಅದರ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸಿ ಮಿತಿಯಲ್ಲಿಡುವ ರೆಗ್ಯುಲೇಟರೋ ಕೆಟ್ಟಿದೆ. 15ನ್ನೂ ದಾಟಿದರೆ ರೆಗ್ಯುಲೇಟರ್ ಅಂಕೆ ತಪ್ಪಿದೆ; ಬ್ಯಾಟರಿಯ ನೀರು ಆರುತ್ತದೆ, ಬಲ್ಬುಗಳು ಮೇಲಿಂದ ಮೇಲೆ ಹೋಗುತ್ತವೆ. ಹೊಸ ಬ್ಯಾಟರಿ ಹಾಕಿಸುವ ಮುನ್ನ ಈ ನಾಲ್ಕನೆಯ ಪರೀಕ್ಷೆ ಮಾಡಲೇಬೇಕು. ಇದನ್ನು ಬಿಟ್ಟರೆ ತೂತು ಬಿಂದಿಗೆಗೆ ಹೊಸ ನೀರು ಹೊಯ್ದಂತೆ.

ಅಪ್ಪನ ಹಳೆಯ ಬೈಕು, ಮಗನ ಹೊಸ ಬೈಕು

‘ನಮ್ಮ ಹಳೇ ಗಾಡಿಗೆ ಬ್ಯಾಟರಿಯೇ ಇಲ್ಲದಿದ್ದರೂ ಒಂದೇ ಕಿಕ್ಕಿಗೆ ಹೊರಡುತ್ತಿತ್ತು’ ಎಂದು ಹಿರಿಯರು ಹೇಳುವುದುಂಟು. ಅದು ಸುಳ್ಳಲ್ಲ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ರಂಥ ಬೈಕುಗಳಲ್ಲಿ ಪ್ಲಗ್ಗಿನ ಕಿಡಿಗೆ ಬೇಕಾದ ವಿದ್ಯುತ್ತನ್ನು ಎಂಜಿನ್ ತನ್ನದೇ ಸುರುಳಿಯಿಂದ ಪಡೆಯುತ್ತಿತ್ತು. ಬ್ಯಾಟರಿ ಇದ್ದದ್ದು ಮುಖ್ಯವಾಗಿ ಹಾರ್ನು, ಇಂಡಿಕೇಟರುಗಳಿಗೆ. ಬುಲೆಟ್ಟಿನ ಕಥೆ ಬೇರೆ. ಅದರ ಕಿಡಿ ಬ್ಯಾಟರಿಯಿಂದಲೇ. ಹೆಡ್‌ಲೈಟಿನ ಮೇಲೆ ಆಂಪೇರ್ ಮೀಟರ್ ಇರುತ್ತಿತ್ತು. ಡಿಕಂಪ್ರೆಷನ್ ಲಿವರ್ ಹಿಡಿದು ಕಿಕ್ಕರನ್ನು ಮೆಲ್ಲನೆ ಒತ್ತಿ, ಮುಳ್ಳು ನಡುವಿಗೆ ಬಂದಾಗ ಒದೆಯುವುದು ಒಂದು ವಿದ್ಯೆಯೇ ಆಗಿತ್ತು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳಲ್ಲಂತೂ ಒಂದೇ ಲಿವರ್ ಕಿಕ್ಕರೂ ಹೌದು, ಗೇರೂ ಹೌದು. ಅವುಗಳಿಗೆ ಸೆಲ್ಫ್ ಎಂಬುದೇ ಇರಲಿಲ್ಲ.

ಸೆಲ್ಫ್ ಹುಟ್ಟಿದ್ದು ಕಾರಿಗಾಗಿ. ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸುವಾಗ ಅದು ಹಿಂದಕ್ಕೆ ಹೊಡೆದು ಕೈಮೂಳೆ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ವಿದ್ಯುತ್ ಸ್ಟಾರ್ಟರನ್ನು ರೂಪಿಸಿದ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು. ಇದಕ್ಕೆ ಮೊದಲು ಆತ ಅಂಗಡಿಯ ನಗದು ಯಂತ್ರಕ್ಕೆ ಪುಟ್ಟ ಮೋಟಾರು ಅಳವಡಿಸಿದ್ದ. ಸದಾ ಓಡಬೇಕಾದ ಮೋಟಾರು ದೊಡ್ಡದಿರಬೇಕು. ಕೆಲವೇ ಸೆಕೆಂಡು ದುಡಿಯುವ ಮೋಟಾರು ಚಿಕ್ಕದಾದರೂ ಮಿತಿಮೀರಿ ದುಡಿಸಬಹುದು ಎಂಬುದು ಆತ ಅಲ್ಲಿ ಕಂಡುಕೊಂಡ ಗುಟ್ಟು. ಸೆಲ್ಫ್ ಗುಂಡಿಯನ್ನು ಒತ್ತಿ ಹಿಡಿಯಬಾರದು ಎಂಬ ಎಚ್ಚರಿಕೆಯ ಹಿಂದಿರುವುದೂ ಇದೇ ಗುಟ್ಟು.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪು ತಿರುಗಲು, ಎಷ್ಟು ಪೆಟ್ರೋಲ್ ಸಿಂಪಡಿಸಬೇಕೆಂದು ಲೆಕ್ಕಹಾಕುವ ಪುಟ್ಟ ಕಂಪ್ಯೂಟರ್ ಎಚ್ಚರಗೊಳ್ಳಲು ಬ್ಯಾಟರಿ ಬೇಕು. ಅನೇಕ ಬೈಕುಗಳಲ್ಲಿ ಕಿಕ್ಕರೂ ಇಲ್ಲ. ಹೀಗಾಗಿ ಇಳಿಜಾರಿನಲ್ಲಿ ತಳ್ಳಿ ಎರಡನೆಯ ಗೇರಿಗೆ ಹಾಕಿ ಎಬ್ಬಿಸುವ ಹಳೆಯ ಉಪಾಯ ಎಲ್ಲ ಸಲವೂ ಫಲಿಸದು. ಕೀ ತಿರುಗಿಸಿದಾಗ ಟ್ಯಾಂಕಿನಿಂದ ‘ಜುಂಯ್’ ಎಂದು ಒಂದೆರಡು ಸೆಕೆಂಡು ಪಂಪಿನ ಸದ್ದು ಕೇಳಿದರೆ ತಳ್ಳಿ ನೋಡಬಹುದು. ಆ ಸದ್ದೂ ಇಲ್ಲದಿದ್ದರೆ ತಳ್ಳುವುದು ಬರಿಯ ದಣಿವು. ಘಾಟಿಯ ತಿರುವಿನಲ್ಲಿ, ಮಂಜು ಕವಿದಾಗ ತಳ್ಳುವ ಸಾಹಸವಂತೂ ಬೇಡವೇ ಬೇಡ.

ಬ್ಯಾಟರಿ ಬಡವಾಗುವುದು ಹೇಗೆ?

ಮೂರು ಸೆಕೆಂಡು ಸೆಲ್ಫ್ ಒತ್ತಿದರೆ 40 ಆಂಪೇರ್‌ನಂತೆ 120 ಆಂಪೇರ್-ಸೆಕೆಂಡು ಖರ್ಚು. ಓಡುವಾಗ 1 ಆಂಪೇರ್‌ನಂತೆ ವಾಪಸು ತುಂಬುತ್ತದೆಂದರೆ ಆ ಸಾಲ ತೀರಲು 120 ಸೆಕೆಂಡು, ಅಂದರೆ ಎರಡು ನಿಮಿಷ ಓಡಬೇಕು. ನಡುವಿನ ಸೋರಿಕೆಯನ್ನು ಸೇರಿಸಿದರೆ ಇನ್ನೂ ಹೆಚ್ಚು. ಮನೆಯಿಂದ ಡೇರಿಗೆ ಒಂದು ಸ್ಟಾರ್ಟ್, ಡೇರಿಯಿಂದ ಅಂಗಡಿಗೆ ಒಂದು, ಅಂಗಡಿಯಿಂದ ಮನೆಗೆ ಒಂದು, ಪ್ರತಿಯೊಂದೂ ನಿಮಿಷದ ದಾರಿ. ಹೀಗಾದರೆ ಬ್ಯಾಟರಿ ದಿನದಿನಕ್ಕೂ ಸಾಲಗಾರ. ವಾರಕ್ಕೊಮ್ಮೆ ಅರ್ಧ ಗಂಟೆಯ ಓಟ ಕೊಡಿ. ಬೆಚ್ಚಗಿರುವ ಎಂಜಿನ್ನಿಗೆ ಕಿಕ್ಕರ್ ಇದ್ದರೆ ಅದನ್ನೇ ಬಳಸಿ.

ಡಿಸೆಂಬರ್-ಜನವರಿಯ ಚಳಿಯಲ್ಲಿ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಎಂಜಿನ್ ಆಯಿಲ್ ಮಂದವಾಗಿ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಗಳಿಕೆ ಇಳಿದಾಗಲೇ ಖರ್ಚು ಏರಿದಂತೆ. ಅದರಿಂದಲೇ ಸಂಜೆ ಸಲೀಸಾಗಿ ಹೊರಟ ಬೈಕು ಬೆಳಿಗ್ಗೆ ಮುಷ್ಕರ ಹೂಡುತ್ತದೆ.

ಆಮೇಲೆ ನಾವೇ ತಂದು ಸೇರಿಸುವ ಹೊರೆಗಳಿವೆ. ಮಂಜಿನ ದಾರಿಗೆಂದು 20 ವ್ಯಾಟಿನ ಎರಡು ಹೆಚ್ಚುವರಿ ದೀಪ ಹಾಕಿಸಿದರೆ 3 ಆಂಪೇರ್‌ಗೂ ಹೆಚ್ಚು ಎಳೆತ. ಕಳ್ಳರ ಭಯಕ್ಕೆ ಹಾಕಿಸಿದ ಅಲಾರಂ 20 ಮಿಲಿಆಂಪೇರ್ ಎಳೆಯುತ್ತದೆ ಎನ್ನೋಣ. ಇಷ್ಟೇ ತಾನೆ ಎನ್ನಬೇಡಿ. ದಿನಕ್ಕೆ 24 ಗಂಟೆಯಂತೆ 480 ಮಿಲಿಆಂಪೇರ್-ಗಂಟೆಯಾಯಿತು. 4 ಆಂಪೇರ್-ಗಂಟೆಯ ಬ್ಯಾಟರಿಯನ್ನು ಇದೊಂದೇ ಎಂಟು ದಿನದಲ್ಲಿ ಕುಡಿದು ಮುಗಿಸುತ್ತದೆ. ಬ್ಯಾಟರಿಗೆ ನೇರವಾಗಿ ಜೋಡಿಸಿದ ಮೊಬೈಲ್ ಚಾರ್ಜರ್ ಕೂಡ ಹೀಗೆಯೇ. ಇಂಥವನ್ನು ಕೀ ಆರಿಸಿದಾಗ ತಾವೂ ಆರುವಂತೆ ಜೋಡಿಸಬೇಕು. ಬೈಕನ್ನು ಬಹಳ ದಿನ ನಿಲ್ಲಿಸುವುದಾದರೆ ಋಣ ತುದಿಯ ತಂತಿಯನ್ನು ಬಿಚ್ಚಿಡಿ. ತಿಂಗಳಿಗೊಮ್ಮೆ ಬ್ಯಾಟರಿಯನ್ನು ತುಂಬಿಸಿಡಿ.

ಕೈ ಹಾಕುವ ಮುನ್ನ

ಟರ್ಮಿನಲ್ ಶುಚಿ ಮಾಡುವುದು ಮನೆಯಲ್ಲೇ ಆಗುವ ಕೆಲಸ. ಆದರೆ ಕ್ರಮ ತಪ್ಪಬಾರದು. ಬಿಚ್ಚುವಾಗ ಋಣ ತುದಿಯ ಕಪ್ಪು ತಂತಿ ಮೊದಲು. ಸೇರಿಸುವಾಗ ಅದೇ ಕೊನೆಗೆ. ಬೈಕಿನ ಇಡೀ ಲೋಹದ ಮೈ ಋಣ ತುದಿಗೆ ಸೇರಿದೆ. ಕಪ್ಪು ತಂತಿ ಇರುವಾಗಲೇ ಧನ ತುದಿಯನ್ನು ಸ್ಪ್ಯಾನರಿನಿಂದ ತಿರುಗಿಸಿ, ಸ್ಪ್ಯಾನರ್ ಚಾಸಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ, ಸ್ಪ್ಯಾನರ್ ಕೈ ಸುಡುವಷ್ಟು ಕಾಯುತ್ತದೆ. ಬೆಚ್ಚನೆಯ ನೀರಿಗೆ ಒಂದು ಚಮಚ ಅಡಿಗೆ ಸೋಡ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪುಡಿಯನ್ನು ತೊಳೆಯಿರಿ. ಸೋಡ ಬುರುಬುರು ನೊರೆಯುಕ್ಕುವುದು ಆಮ್ಲ-ಪ್ರತ್ಯಾಮ್ಲ ಕ್ರಿಯೆಯ ಕಣ್ಣಾರೆ ಪ್ರಾತ್ಯಕ್ಷಿಕೆ. ಆ ನೀರು ಕೋಶದೊಳಗೆ ಮಾತ್ರ ಇಳಿಯಬಾರದು. ಚೆನ್ನಾಗಿ ಒಣಗಿಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ.

ಮುಚ್ಚಳ ತೆಗೆಯುವಂಥ ಬ್ಯಾಟರಿಯಾದರೆ ಬಟ್ಟಿಯಿಳಿಸಿದ ನೀರನ್ನು ಗುರುತಿನವರೆಗೆ ಹಾಕಬೇಕು. ಕೊಳವೆಬಾವಿಯ ನೀರಿನ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಆಮ್ಲವನ್ನು ನಾವಾಗಿ ಸೇರಿಸುವಂತಿಲ್ಲ. ಆವಿಯಾಗಿ ಹೋಗಿರುವುದು ನೀರೇ ಹೊರತು ಆಮ್ಲವಲ್ಲ. ಮುಚ್ಚಿ ಮೊಹರು ಹಾಕಿದ ಬ್ಯಾಟರಿಯನ್ನು ತೆರೆಯಲೇಕೂಡದು. ತುಂಬಿಸುವಾಗ ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟು ಪ್ರವಾಹ ಸಾಕು. 4 ಆಂಪೇರ್-ಗಂಟೆಯದಕ್ಕೆ 0.4 ಆಂಪೇರ್. ಕಾರಿನ ಚಾರ್ಜರಿನಿಂದ ಅವಸರದಲ್ಲಿ ತುಂಬಿಸಿದರೆ ಕಾದು ಉಬ್ಬುತ್ತದೆ. ತುಂಬಿಸುವಾಗ ಹೊರಬರುವ ಹೈಡ್ರೋಜನ್ ಹತ್ತಿ ಉರಿಯುವ ಅನಿಲ. ಆದ್ದರಿಂದ ಗಾಳಿಯಾಡುವ ಜಾಗ ಬೇಕು. ಒಲೆ, ದೀಪ, ಬೀಡಿ ಹತ್ತಿರ ಸುಳಿಯಬಾರದು. ಆಮ್ಲ ಕಣ್ಣಿಗೆ ಸಿಡಿದರೆ ಧಾರಾಳ ನೀರಿನಿಂದ ಕಾಲು ಗಂಟೆಯಾದರೂ ತೊಳೆದು ಆಸ್ಪತ್ರೆಗೆ ಹೋಗಬೇಕು.

ಪೋಷಕರಿಗೆ ಎರಡು ಮಾತು. ಬಲೆಯ ಗುಂಡಿಗೆ ಸೀಸ ಬೇಕೆಂದು ಹಳೆಯ ಬ್ಯಾಟರಿ ಒಡೆದು ಮನೆಯ ಒಲೆಯಲ್ಲಿ ಕರಗಿಸುವುದು ಬಹಳ ಅಪಾಯ. ಸೀಸದ ಹೊಗೆ, ಧೂಳು ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಆದ ಹಾನಿ ಮರಳಿ ಸರಿಹೋಗುವುದಿಲ್ಲ. ಹಳೆಯದನ್ನು ಬ್ಯಾಟರಿ ಅಂಗಡಿಗೆ ಕೊಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಕಳೆಯುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿ ವಾಪಸು ಸೇರುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಇನ್ನೊಂದು ಮಾತು: ಮಗ ಬೈಕನ್ನು ರಿಪೇರಿ ಮಾಡಬಲ್ಲ ಎಂದಮಾತ್ರಕ್ಕೆ ಓಡಿಸಲು ಕೊಡಬೇಡಿ. ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವೆಸಗಿದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕಿನ ಪಕ್ಕದಲ್ಲಿ ಮೀಟರು ಹಿಡಿದು ಕೂರಲು ಮಾತ್ರ ಯಾವ ಲೈಸೆನ್ಸೂ ಬೇಡ. ಅಪ್ಪ ಗುಂಡಿ ಒತ್ತಲಿ, ಮಗಳೋ ಮಗನೋ ಅಂಕಿ ಓದಿ ಬರೆದುಕೊಳ್ಳಲಿ. ತರೀಕೆರೆಗೆ ಬೈಕು ಒಯ್ದಾಗ ಆ ಚೀಟಿಯನ್ನು ಮೆಕ್ಯಾನಿಕ್‌ಗೆ ತೋರಿಸಿ. ಒಳ್ಳೆಯ ಮೆಕ್ಯಾನಿಕ್‌ಗೆ ಅದರಿಂದ ಅರ್ಧ ಕೆಲಸ ಹಗುರವಾಗುತ್ತದೆ.

ಈ ವಾರದ ಪ್ರಶ್ನೆ: 2019ರ ಕೊನೆಯಿಂದೀಚೆಗೆ ಬಂದ ಕೆಲವು ಹೋಂಡಾ ಬೈಕು-ಸ್ಕೂಟರುಗಳಲ್ಲಿ ಸೆಲ್ಫ್ ಒತ್ತಿದರೆ ‘ಕಿರ್ರ್’ ಎಂಬ ಸದ್ದೇ ಬರುವುದಿಲ್ಲ. ಪ್ರತ್ಯೇಕ ಸ್ಟಾರ್ಟರ್ ಮೋಟಾರೇ ಅವುಗಳಲ್ಲಿಲ್ಲ; ವಿದ್ಯುತ್ ಉತ್ಪಾದಿಸುವ ಯಂತ್ರವೇ ಎಂಜಿನ್ನನ್ನೂ ತಿರುಗಿಸುತ್ತದೆ. ಉತ್ಪಾದಿಸುವ ಯಂತ್ರ ತಿರುಗಿಸುವ ಯಂತ್ರವಾಗುವುದು ಹೇಗೆ? ಫ್ಯಾರಡೆಯನ್ನು ಓದಿದವರು ಯೋಚಿಸಿ. ಉತ್ತರ ಮುಂದಿನ ವಾರ.